ಕಲಬುರಗಿಯ 1979ರ ಮನೆ, 77ರ ಅಪ್ಪ, 71ರ ಅವ್ವ: ಬೇಸಿಗೆಗೆ ಮೊದಲು ಏನು ಮಾಡಿಸಲಿ?

ಶಾಬಾದಿ_ಅಂಗಳ · ಮಾರ್ಚ್ 2

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೀನಿ. ಅಪ್ಪ, ಅವ್ವ ಇಬ್ಬರೇ ಕಲಬುರಗಿ ಮನೆಯಲ್ಲಿದ್ದಾರೆ. ಅಪ್ಪ ಮಾಸ್ತರರಾಗಿದ್ದಾಗ 1979ರಲ್ಲಿ ಕಟ್ಟಿಸಿದ ಮನೆ. ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ನೆಲಕ್ಕೆ ಶಾಬಾದಿ ಪರಸಿ. ಮೇಲೆ ಮಾತ್ರ ಆರ್‌ಸಿಸಿ ಸ್ಲ್ಯಾಬ್. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸೋದೇ ದೊಡ್ಡಸ್ತಿಕೆ.

ಹೋದ ಮೇ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಅವ್ವ ಬಚ್ಚಲಿಗೆ ಹೋಗೋವಾಗ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಮುರಿದು ಆರು ವಾರ ಪ್ಲಾಸ್ಟರ್. ನಡುಮನೆಯ ಲೈಟ್ ಆರಿತ್ತು, ಆರಿಸಿದ್ದೂ ಅವಳೇ. ಯಾಕ ಹಚ್ಚಲಿಲ್ಲವ್ವ ಅಂದರೆ, "ನನ್ನ ಮನಿ ನನಗ ಗೊತ್ತಿಲ್ಲೇನು, ಸುಮ್ಮ ಕರೆಂಟ್ ಯಾಕ ಸುಡಬೇಕು" ಅಂದಳು. ರಾತ್ರಿ ಹನ್ನೊಂದಕ್ಕೆ ಫ್ಯಾನೂ ಬಂದ್ ಮಾಡ್ತಾಳೆ. ಹೊರಗೆ 42 ಡಿಗ್ರಿ ಕಂಡ ದಿನವೂ ಹಾಗೇ.

ಅಪ್ಪ ದಿನಾ ಮೀಟರ್ ನೋಡಿ ವಹಿಯಲ್ಲಿ ಬರೆದಿಡ್ತಾರೆ. 2022-23ರ ಸರಾಸರಿ 120 ಯೂನಿಟ್, ಅದಕ್ಕೆ ಶೇ 10 ಸೇರಿಸಿ ಗೃಹಜ್ಯೋತಿಯಲ್ಲಿ ಅವರಿಗೆ 132 ಯೂನಿಟ್ ಉಚಿತ. ಅದರ ಮೇಲಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಹೋದ ಮೇ 171 ಬಂದಾಗ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದುಡ್ಡಿಲ್ಲ ಅಂತಲ್ಲ, ಪಿಂಚಣಿ ಬರ್ತದೆ. ಅವರು ಬದುಕಿದ ರೀತಿಯೇ ಅದು.

ತಮ್ಮ ಒಂದೂವರೆ ಟನ್ ಎ.ಸಿ. ಕೊಡಿಸ್ತೀನಿ ಅಂತಾನೆ. ಕೊಡಿಸಿದರೂ ಅವರು ಹಾಕೋದಿಲ್ಲ ಅಂತ ನನಗೆ ಗೊತ್ತು. ಕೈಯಲ್ಲಿ ಸುಮಾರು 40 ಸಾವಿರ ಇದೆ, ಯುಗಾದಿಗೆ ಊರಿಗೆ ಹೋಗ್ತೀನಿ, ಹತ್ತು ದಿನ ಇರ್ತೀನಿ. ಎಲ್ಲಿಂದ ಶುರು ಮಾಡಲಿ?

ಗಾರೆ_ಕರಣೆ · ಮಾರ್ಚ್ 2

ಮೈಸೂರಲ್ಲಿ ಹಳೆ ಮನೆ ರಿಪೇರಿ ಕೆಲಸ ಮಾಡ್ತೀನಿ, ಇಪ್ಪತ್ತೆರಡು ವರ್ಷ ಆಯ್ತು. ಎ.ಸಿ. ಮಾತು ಕೊನೆಗೆ ಆಡೋಣ. ಮೊದಲು ಮೇಲೆ ಹತ್ತಿ ಸ್ಲ್ಯಾಬ್ ನೋಡಿ.

ನಿಮ್ಮ ಮನೆ ಗೋಡೆ ಬಂಗಾರದಂಥದ್ದು, ಅದನ್ನ ಮುಟ್ಟೋದೇ ಬೇಡ. ತೊಂದರೆ ಕೊಡ್ತಿರೋದು ತಲೆ ಮೇಲಿರೋ ಐದಿಂಚು ಕಾಂಕ್ರೀಟು. ಕಲಬುರಗಿ ಇರೋದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ಮೇ 10ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿ ಮೇಲೆ ಬರ್ತಾನೆ, ಕಂಬಕ್ಕೂ ನೆರಳಿರಲ್ಲ. ಇಡೀ ದಿನ ಆ ಬಿಸಿಲು ಕುಡಿದ ಸ್ಲ್ಯಾಬು ಸಂಜೆ ಮೇಲೆ ಒಳಗಡೆ ಬಿಸಿ ಬಿಡೋಕೆ ಶುರು ಮಾಡುತ್ತೆ, ನಡುರಾತ್ರಿ ದಾಟಿದ ಮೇಲೂ ಬಿಡುತ್ತೆ. ಫ್ಯಾನು ಅದೇ ಬಿಸಿಗಾಳಿಯನ್ನ ಎಳೆದು ಮಂಚದ ಮೇಲೆ ಸುರಿಯುತ್ತೆ. ನಿಮ್ಮ ತಾಯಿ ಫ್ಯಾನ್ ಆರಿಸೋದಕ್ಕೆ ಬಿಲ್ಲಿನ ಚಿಂತೆ ಒಂದೇ ಕಾರಣ ಅಲ್ಲದೇ ಇರಬಹುದು. ಕೇಳಿ ನೋಡಿ.

ಸ್ಲ್ಯಾಬಿನಲ್ಲಿ ಬಿರುಕು, ಸೋರಿಕೆ ಇದ್ದರೆ ಮೊದಲು ಅದನ್ನ ಮುಚ್ಚಿಸಿ. ಅದರ ಮೇಲೆ ಸುಣ್ಣ. ಕಳಿತ ಸುಣ್ಣವನ್ನ ಹಿಂದಿನ ದಿನವೇ ನೀರಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಫೆವಿಕಾಲ್ ಥರದ ಅಂಟು ಸ್ವಲ್ಪ ಬೆರೆಸಿ, ಗುಡಿಸಿ ತೊಳೆದು ಒಣಗಿದ ಮಾಳಿಗೆಗೆ ಎರಡು ಮೂರು ಕೈ ಹೊಡೆಸಿ. ಮಳೆಗೆ ಕಳೆದುಹೋಗುತ್ತೆ, ಪ್ರತಿ ವರ್ಷ ಬೇಸಿಗೆಗೆ ಮುಂಚೆ ಮತ್ತೆ ಹೊಡೀಬೇಕು. ಬೇಡ ಅಂದರೆ ಮಾಳಿಗೆಗೆ ಅಂತಲೇ ಬರುವ ಬಿಳಿ ಬಣ್ಣ ಇದೆ, ದುಬಾರಿ, ನಾಲ್ಕೈದು ವರ್ಷ ಬಾಳುತ್ತೆ. ಬಿಳಿ ಟೈಲ್ಸ್ ಚೂರು ಕೂರಿಸೋದು ಇನ್ನೂ ಗಟ್ಟಿ, ಆದರೆ ಭಾರ ಜಾಸ್ತಿ. 1979ರ ಸ್ಲ್ಯಾಬಿಗೆ ಎಂಜಿನಿಯರ್ ತೋರಿಸದೆ ಅದನ್ನ ಮಾಡಿಸಬೇಡಿ.

ಇದೇನೂ ಹೊಸ ಉಪಾಯ ಅಲ್ಲ. ಅಹಮದಾಬಾದಿನಲ್ಲಿ 2010ರ ಬಿಸಿಗಾಳಿಗೆ ಬಹಳ ಜನ ತೀರಿಕೊಂಡ ಮೇಲೆ 2013ರಲ್ಲಿ ಬಿಸಿಗಾಳಿ ಎದುರಿಸೋ ಯೋಜನೆ ತಂದರು, ಮುಂದೆ ಬಡವರ ಮನೆ ಮಾಳಿಗೆಗೆಲ್ಲ ಬಿಳಿ ಬಳಿಸಿದರು. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆ ಅಂತಲೇ ಒಂದು ನೀತಿ ಮಾಡಿತು. ಒಳಗೆ 2ರಿಂದ 5 ಡಿಗ್ರಿವರೆಗೆ ಇಳಿಯುತ್ತೆ ಅಂತಾರೆ. ನಾನು ಕಂಡ ಮನೆಗಳಲ್ಲಿ ಎರಡು, ಮೂರು.

ಸುಣ್ಣ ಹೊಡೆಯೋವಾಗ ಕಣ್ಣಿಗೆ ಕನ್ನಡಕ ಕಡ್ಡಾಯ. ಕಣ್ಣಿಗೆ ಹಾರಿದರೆ ಸುಟ್ಟೇಬಿಡುತ್ತೆ. ತಂದೆಯವರನ್ನ ಆ ದಿನ ಮೇಲೆ ಹತ್ತಿಸಬೇಡಿ.

ವೈರಿಂಗ್_ಕಾಕಾ · ಮಾರ್ಚ್ 2

ಹುಬ್ಬಳ್ಳ್ಯಾಗ ನಾಕು ದಶಕ ವೈರಿಂಗ್ ಮಾಡೇನ್ರಿ. ಮೊದಲ ಒಂದ ಮಾತು ಕೇಳ್ತೀನಿ ತಂಗಿ: ಮನ್ಯಾಗ ಅರ್ಥಿಂಗ್ ಐತೇನು? 1979ರ ಮನಿ ಅಂದ್ರ ಕಟ್ಟಿಗಿ ಪಟ್ಟಿ ಮ್ಯಾಲಿನ ವೈರಿಂಗ್ ಇರಬಹುದು. ಬಚ್ಚಲದಾಗ ನೀರು ಕಾಸಾಕ ಕಾಯಿಲ್ ಇಡ್ತಾರೇನು? ಹಂಗಿದ್ರ ಉಳಿದದ್ದೆಲ್ಲಾ ಬಿಟ್ಟು ಮೊದಲ ಅದನ್ನ ತಗೀರಿ. ಬಕೀಟಿನ್ಯಾಗ ಕಾಯಿಲ್ ಇಟ್ಟು, ಬಂದ್ ಮಾಡೋದು ಮರತು, ನೀರು ಬಿಸಿ ಆಗೇತೇನು ಅಂತ ಬೆರಳು ಹಾಕಿ ಹೋದ ಹಿರ್ಯಾರನ್ನ ನಾ ನೋಡೇನಿ. ಒಂದ ಅಲ್ಲ, ಎರಡ ಸಲ.

30 ಮಿಲಿಆಂಪಿನ ಆರ್‌ಸಿಸಿಬಿ ಹಾಕಸ್ರಿ. ಕರೆಂಟ್ ಒಂದೀಟು ಅಡ್ಡ ದಾರಿ ಹಿಡೀತು ಅಂದ್ರ ಕಣ್ಣ ಪಿಳಕಿಸೋದ್ರಾಗ ಲೈನ್ ಕಡಿತದ.

ಈಗ ನಿಮ್ಮಪ್ಪಾರ ವಹಿ ಸುದ್ದಿ. ಹಳೀ ಫ್ಯಾನು 75 ವಾಟ್. ದಿನಕ್ಕ 16 ತಾಸು ಅಂದ್ರ ತಿಂಗಳಿಗೆ 36 ಯೂನಿಟ್. ಬಿಎಲ್‌ಡಿಸಿ ಅಂತ ಕಮ್ಮಿ ಕರೆಂಟ್ ತಿನ್ನೋ ಹೊಸಾ ನಮೂನಿ ಫ್ಯಾನು 30 ವಾಟ್, ಅಷ್ಟ ತಾಸಿಗೆ 14 ಯೂನಿಟ್ ಚಿಲ್ಲರ. ಮೂರು ಫ್ಯಾನ್ ಬದಲಿ ಮಾಡಿದ್ರ ತಿಂಗಳಿಗೆ 65 ಯೂನಿಟ್ ಉಳೀತು. ಚೋಕ್ ಇದ್ದ ಹಳೀ ಟ್ಯೂಬ್ ಲೈಟ್ 50 ವಾಟ್ ಮ್ಯಾಲ ತಿಂತಾವ, ಎಲ್‌ಇಡಿ ಪಟ್ಟಿ 20 ವಾಟ್. ಇದರಾಗ ಇನ್ನೊಂದ ಹದಿನೈದು ಯೂನಿಟ್. ನಿಮ್ಮಪ್ಪಾರಿಗೆ ನೀ ಬಾಯಿಲೆ ಹೇಳಬ್ಯಾಡ. ಈ ಲೆಕ್ಕ ಬರದು ಕೈಯಾಗ ಕೊಡು. ಮಾಸ್ತರು ತಪ್ಪಿದ್ದರ ತಿದ್ದತಾರ, ಸರಿ ಇದ್ದರ ಒಪ್ಪತಾರ.

ಜೆಪ್ಪು_ಹಂಚು · ಮಾರ್ಚ್ 3

ನಮ್ಮದು ಮಂಗಳೂರು, ಹಂಚಿನ ಮನೆ. ಇಲ್ಲಿನ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ಊರೂರಿಗೆ ಹೋದದ್ದು ಇದೇ ಹಂಚು. ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗ್ತದೆ, ಹಾಗಾಗಿ ರಾತ್ರಿ ಬೇಗ ತಣಿಯುತ್ತದೆ. ನಡುಮನೆಗೆ ಎರಡು ಗಾಜಿನ ಹಂಚು ಹಾಕಿದ ಮೇಲೆ ಅಮ್ಮನಿಗೆ ಹಗಲು ಲೈಟ್ ಬೇಡವೇ ಬೇಡ.

ಶಾಬಾದಿ_ಅಂಗಳ ಅವರಿಗೆ ಒಂದು ಮಾತು. ಕೂಲರ್, ಲಾವಂಚದ ತಟ್ಟಿ ಇದೆಲ್ಲ ನಿಮ್ಮಲ್ಲಿ ಚಂದ ಕೆಲಸ ಮಾಡ್ತದೆ, ಯಾಕಂದ್ರೆ ಒಣ ಹವೆ. ನೀರು ಆರುವಾಗ ಗಾಳಿಯ ಬಿಸಿ ಎಳಕೊಳ್ತದೆ. ನಮ್ಮಲ್ಲಿ ಗಾಳಿಯೇ ಒದ್ದೆ, ಅದಕ್ಕೆ ಕೂಲರ್ ಹಾಕಿದ್ರೆ ಮನೆಯೊಳಗೆ ಬೆವರು ಇನ್ನೂ ಹೆಚ್ಚು. ಕರಾವಳಿಯವರು ಯಾರಾದರೂ ಇದನ್ನು ಓದಿ ಕೂಲರ್ ತರಲಿಕ್ಕೆ ಹೊರಟರೆ ಬೇಡ ಮಾರಾಯ್ರೆ, ಎದುರು ಬದುರು ಕಿಟಕಿ ತೆರೆದಿಟ್ಟು ಸೊಳ್ಳೆ ಜಾಲರಿ ಹಾಕಿಸಿ.

ದಾವಣಗೆರೆ_ಫಿಸಿಯೋ · ಮಾರ್ಚ್ 3

ಮನೆ ಬಗ್ಗೆ ಎಲ್ಲರೂ ಹೇಳಿದ್ದಾರೆ. ನಾನು ಬಿದ್ದವರನ್ನ ನಡೆಸೋ ಕೆಲಸದಲ್ಲಿರೋಳು. ನಿಮ್ಮ ತಾಯಿಯ ಮಣಿಕಟ್ಟು ಮುರಿದಿದ್ದು ಒಂದು ಎಚ್ಚರಿಕೆ ಅಂತ ತಿಳ್ಕೊಳ್ಳಿ. ಸಣ್ಣ ಬೀಳುವಿಕೆಗೇ ಮೂಳೆ ಮುರೀತು ಅಂದ್ರೆ ಮೂಳೆ ಸವೆದಿರಬಹುದು. ಮುಂದಿನ ಸಲ ಸೊಂಟದ ಮೂಳೆ ಆಗದ ಹಾಗೆ ನೋಡ್ಕೋಬೇಕು. ಡಾಕ್ಟರ ಹತ್ರ ಮೂಳೆ ಸಾಂದ್ರತೆ ಪರೀಕ್ಷೆ, ವಿಟಮಿನ್ ಡಿ ಬಗ್ಗೆ ಕೇಳಿ. ಕಣ್ಣೂ ತೋರಿಸಿ. ಪೊರೆ ಬಂದಿದ್ದರೆ ಎಷ್ಟು ಲೈಟ್ ಹಾಕಿಸಿದರೂ ಹೊಸ್ತಿಲು ಕಾಣಲ್ಲ.

ಬಿ.ಪಿ. ಮಾತ್ರೆ ತಗೊಳ್ತಾರಾ? ಮೂತ್ರ ಜಾಸ್ತಿ ಹೋಗೋ ಮಾತ್ರೆ ಇದೆಯಾ? ರಾತ್ರಿ ತಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತೆ. ಎದ್ದು ಮಂಚದ ಅಂಚಲ್ಲಿ ಒಂದು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ನಿಲ್ಲೋಕೆ ಹೇಳಿ. ಬೇಸಿಗೆಯಲ್ಲಿ ಈ ಮಾತ್ರೆಗಳ ಪ್ರಮಾಣ ನೋಡಬೇಕಾ ಅಂತ ಏಪ್ರಿಲ್‌ಗೆ ಮೊದಲೇ ಡಾಕ್ಟರನ್ನ ಕೇಳಿ. ತಾವಾಗೇ ನಿಲ್ಲಿಸೋದು ಮಾತ್ರ ಬೇಡವೇ ಬೇಡ.

ವಯಸ್ಸಾದ ಮೇಲೆ ಬಾಯಾರಿಕೆ ಸರಿಯಾಗಿ ಗೊತ್ತಾಗಲ್ಲ, ಬೆವರೂ ಕಮ್ಮಿ. ರಾತ್ರಿ ಏಳಬೇಕಾಗುತ್ತೆ ಅಂತ ನಮ್ಮ ಅಜ್ಜಿಯಂದಿರು ಬೇಕಂತಲೇ ನೀರು ಕುಡಿಯಲ್ಲ. ಬೆಳಗಿನಿಂದ ಸಂಜೆ ಐದರೊಳಗೆ ಹೆಚ್ಚು ಪಾಲು ಕುಡಿಸಿ: ಮಜ್ಜಿಗೆ, ಅಂಬಲಿ, ಪಾನಕ. ಸಕ್ಕರೆ ಕಾಯಿಲೆ ಇದ್ದರೆ ಪಾನಕ ಬಿಡಿ. ಹೃದಯ, ಕಿಡ್ನಿ ತೊಂದರೆಗೆ ನೀರು ಅಳೆದು ಕೊಟ್ಟಿದ್ದರೆ ಡಾಕ್ಟರ್ ಹೇಳಿದ ಅಳತೆಯೇ ಸರಿ.

ನಡಿಗೆ ಒಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದು, ವಾರಕ್ಕೆ 150 ನಿಮಿಷವಾದರೂ ಚಟುವಟಿಕೆ, ಅದರ ಜೊತೆ ವಾರಕ್ಕೆ ಮೂರು ದಿನ ಕಾಲಿನ ಬಲ ಮತ್ತು ಸಮತೋಲನಕ್ಕೆ ಅಂತಲೇ ಅಭ್ಯಾಸ. ಮನೆಯಲ್ಲಿ ಮಾಡೋದು ಸುಲಭ. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿ, ಕೈ ಊರದೆ ಎದ್ದು ಕೂತು ಹತ್ತು ಸಲ. ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸೋದು. ಕಟ್ಟೆ ಉದ್ದಕ್ಕೂ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯೋದು. ಮೊದಲ ವಾರ ನೀವು ಪಕ್ಕದಲ್ಲಿರಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ.

ಇಬ್ಬರೂ ರಾತ್ರಿ ಬರೀ ಮಜ್ಜಿಗೆ ಅನ್ನ ಉಂಡು ಮಲಗ್ತಾರಾ? ಹೌದಾದರೆ ಬೇಳೆ, ಮೊಳಕೆ ಕಾಳು, ಮೊಟ್ಟೆ ತಿನ್ನೋರಾದರೆ ಮೊಟ್ಟೆ, ಏನಾದರೂ ಒಂದು ದಿನದಲ್ಲಿ ಎರಡು ಸಲ ಬೀಳಲಿ. ಕಾಲಿನ ಮಾಂಸಖಂಡ ಉಳಿಯೋದು ಅದರಿಂದ.

ತುಂಗಾ_ತೀರ_78 · ಮಾರ್ಚ್ 4

ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ನನಗೆ 78. ಇಲ್ಲಿ ಮಾತಾಡುತ್ತಿರುವುದು ನನ್ನಂಥವರ ಬಗ್ಗೆಯೇ ಆದ್ದರಿಂದ ಎರಡು ಮಾತು ಹೇಳಬೇಕೆನಿಸಿತು.

ಮಗಳೇ, ನಿನ್ನ ತಾಯಿ ದೀಪ ಆರಿಸುವುದು ಹಟದಿಂದಲ್ಲ. ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿ ಬೆಳೆದವರು ನಾವು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನಮಗೆ ನಿದ್ದೆ ಬರುವುದಿಲ್ಲ. ನನ್ನ ಹೆಂಡತಿ ಇದ್ದಾಗ ಮಕ್ಕಳು ತಂದ ದೊಡ್ಡ ದೀಪವನ್ನು ಒಂದು ರಾತ್ರಿಯೂ ಉರಿಸಲಿಲ್ಲ. ಆಕೆಯೂ ಬಿದ್ದಳು. ಸೊಂಟದ ಮೂಳೆ. ಎಂಟು ತಿಂಗಳು ಹಾಸಿಗೆಯಲ್ಲಿದ್ದಳು, ಮತ್ತೆ ಏಳಲಿಲ್ಲ.

ಆಮೇಲೆ ನಾನೇ ಪೇಟೆಗೆ ಹೋಗಿ ಅರ್ಧ ವಾಟಿನ ಎಲ್‌ಇಡಿ ರಾತ್ರಿ ದೀಪ ತಂದೆ. ಲೆಕ್ಕ ಹಾಕಿದೆ. ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 0.15 ಯೂನಿಟ್. ವರ್ಷಪೂರ್ತಿ ಉರಿದರೂ ಎರಡು ಯೂನಿಟ್ ಆಗುವುದಿಲ್ಲ. ಮಂಚದಿಂದ ಬಚ್ಚಲವರೆಗೆ ಮೊಣಕಾಲಿನ ಎತ್ತರಕ್ಕೆ ಮೂರು ಕಡೆ ಹಾಕಿದ್ದೇನೆ. ಈ ಲೆಕ್ಕ ನನಗೆ ನಾಲ್ಕು ವರ್ಷ ಮೊದಲು ಯಾರಾದರೂ ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ. ನಿನ್ನ ಅವ್ವನಿಗೆ ಇದನ್ನು ಹೇಳು. ಬೆಳಕು ಬೇಕೆಂದು ಒತ್ತಾಯ ಮಾಡಬೇಡ, ಇದು ದುಂದಲ್ಲ ಎಂದು ತಿಳಿಸು.

ಇನ್ನೊಂದು. ಏನೇ ಮಾಡಿಸುವುದಿದ್ದರೂ ಅವರನ್ನು ಕೇಳಿ ಮಾಡಿಸು. ಬಚ್ಚಲಿನ ಹಿಡಿಕೆಯನ್ನು ನನ್ನ ಮಗ ತನ್ನ ಕೈಗೆ ಸಿಗುವ ಎತ್ತರಕ್ಕೆ ಹಾಕಿಸಿದ್ದ. ನನಗೆ ಅದು ಒದಗಲಿಲ್ಲ, ಕಿತ್ತು ಮತ್ತೆ ಹಾಕಿಸಬೇಕಾಯಿತು.

ಶಾಬಾದಿ_ಅಂಗಳ · ಮಾರ್ಚ್ 4

ತುಂಗಾ_ತೀರ ಅಜ್ಜಾರೆ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅದನ್ನೇ ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. "ಆ ಯಪ್ಪಗ ನನ್ನ ನಮಸ್ಕಾರ ಹೇಳು" ಅಂದಳು.

ಗಾರೆ_ಕರಣೆ ಅವರು ಹೇಳಿದ್ದನ್ನೂ ಕೇಳಿದೆ. ನಿಜ! "ಫ್ಯಾನ್ ಗಾಳಿ ಸುಡ್ತದ, ಅದಕ್ಕ ಬಂದ್ ಮಾಡತೀನಿ" ಅಂದಳು. ಇಷ್ಟು ವರ್ಷ ನಾವು ಅದು ಬರೀ ಜಿಪುಣತನ ಅಂದುಕೊಂಡಿದ್ದೆವು. ಯಾರೂ ಕೇಳಿರಲಿಲ್ಲ. ಕಾಯಿಲ್ ಇದೆ. ಅರ್ಥಿಂಗ್ ಇದೆಯೋ ಇಲ್ಲವೋ ಅಪ್ಪನಿಗೂ ಗೊತ್ತಿಲ್ಲ.

ಮಾಳಿಗೆ ಮೇಲೆ ಸೋಲಾರ್ ಹಾಕಿಸಿ ಅಂತ ಕೆಲವರು ಹೇಳಿದರು. ಈಗಲೇ ಮಾಡಿಸಬೇಕಾ?

ಗಾರೆ_ಕರಣೆ · ಮಾರ್ಚ್ 5

ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ಸಹಾಯಧನ ಇದೆ. ಒಳ್ಳೇದೇ, ಪ್ಯಾನೆಲ್ ನೆರಳು ಸ್ಲ್ಯಾಬಿಗೂ ತಂಪು. ಆದರೆ ಅವರಿಗೆ 132 ಯೂನಿಟ್ ಈಗಾಗಲೇ ಉಚಿತ. ಇರೋ 40 ಸಾವಿರವನ್ನ ಸುಣ್ಣ, ಫ್ಯಾನು, ವೈರಿಂಗು, ಬಚ್ಚಲು ಇಷ್ಟಕ್ಕೆ ಹಾಕಿ. ಪ್ಯಾನೆಲ್ ತೊಳೆಯೋಕೆ ಮೇಲೆ ಹತ್ತೋರು ಯಾರು ಅನ್ನೋದನ್ನೂ ಯೋಚಿಸಿ.

ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಇಳಿಬಿಡಿ. ಒಳಗಿನ ಪರದೆ ಅಷ್ಟು ಪ್ರಯೋಜನ ಇಲ್ಲ, ಬಿಸಿ ಗಾಜು ದಾಟಿ ಒಳಗೆ ಬಂದಾಗಿರುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಸೂರ್ಯ ಮುಳುಗಿ ಹೊರಗೆ ತಣಿದ ಮೇಲೆ ಎಲ್ಲ ತೆಗೀರಿ. ದಪ್ಪ ಗೋಡೆ ರಾತ್ರಿ ತಂಪನ್ನ ಹಿಡಿದಿಟ್ಟು ಹಗಲಿಗೆ ಕೊಡುತ್ತೆ. ಮಣ್ಣಿನ ಮಾಳಿಗೆ ಕಾಲದಲ್ಲಿ ನಿಮ್ಮ ಕಡೆಯವರು ಮಾಡ್ತಿದ್ದದ್ದೂ ಇದೇ.

ವೈರಿಂಗ್_ಕಾಕಾ · ಮಾರ್ಚ್ 5

ಕಾಯಿಲ್ ತಗದು 10 ಅಥವಾ 15 ಲೀಟರಿನ ಗೀಜರ್ ಹಾಕಸ್ರಿ, ಅರ್ಥಿಂಗ್ ಆದ ಮ್ಯಾಲ. 15 ಲೀಟರ್ ನೀರು 25ರಿಂದ 60 ಡಿಗ್ರಿ ತನಕ ಕಾಸಾಕ 0.6 ಯೂನಿಟ್. 50ಕ್ಕ ನಿಲ್ಲಿಸಿದ್ರ 0.44. ಹಿರ್ಯಾರ ಚರ್ಮ ತೆಳ್ಳಗಿರತೈತಿ, 50ಕ್ಕಿಂತ ಮ್ಯಾಲ ಇಡಬ್ಯಾಡ್ರಿ. ನಿಮ್ಮ ಕಡೆ ಬ್ಯಾಸಗ್ಯಾಗ ಟ್ಯಾಂಕಿನ ನೀರ ಬಿಸಿ ಇರತೈತಿ, ಆಗ ಸ್ವಿಚ್ಚ ಮುಟ್ಟೂದು ಬ್ಯಾಡ.

ದಾವಣಗೆರೆ_ಫಿಸಿಯೋ · ಮಾರ್ಚ್ 5

ಎ.ಸಿ. ಬಗ್ಗೆ ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಸುಣ್ಣ, ಫ್ಯಾನು ಎಲ್ಲ ಸರಿ. ಆದರೆ ಕೋಣೆಯೊಳಗೇ 40 ಡಿಗ್ರಿ ದಾಟಿದರೆ ಫ್ಯಾನು ಮೈಗೆ ಬಿಸಿಯನ್ನೇ ತುಂಬುತ್ತೆ. ಹೃದಯದ ತೊಂದರೆ ಇರೋ ಹಿರಿಯರಿಗೆ ಅಂಥ ದಿನಗಳಲ್ಲಿ ಒಂದು ತಂಪು ಕೋಣೆ ಜೀವ ಉಳಿಸುತ್ತೆ. ಒಂದೇ ಕೋಣೆಗೆ, 27 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿದರೆ ಸಾಕು. ಮೊದಲು ಮಾಳಿಗೆ ತಣ್ಣಗಾಗಲಿ, ಕೂಲರ್ ನೋಡಿ, ಅದೂ ಸಾಲದಿದ್ದರೆ ಎ.ಸಿ. ಹಾಕಿಸಿ. ಬೇಡವೇ ಬೇಡ ಅಂತ ಮಾತ್ರ ಅನ್ನಬೇಡಿ.

ಮಾತು ತೊದಲೋದು, ಗೊಂದಲ, ಮೈ ಕಾದು ಕೆಂಡದಂತಾಗೋದು ಕಂಡರೆ ಕಾಯಬೇಡಿ, ಪಕ್ಕದ ಮನೆಯವರು 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸಬೇಕು. ಇದನ್ನ ಪಕ್ಕದ ಮನೆಯವರಿಗೆ ಈಗಲೇ ಹೇಳಿಡಿ. ಹಿರಿಯರ ಸಹಾಯವಾಣಿ 14567 ಕೂಡ ಫೋನಿನಲ್ಲಿ ಇರಲಿ.

ಶಾಬಾದಿ_ಅಂಗಳ · ಜೂನ್ 6

ಮೂರು ತಿಂಗಳಾಯ್ತು. ಇಷ್ಟೆಲ್ಲ ಹೇಳಿದ ನಿಮಗೆ ಏನಾಯ್ತು ಅಂತ ತಿಳಿಸದೆ ಇರಬಾರದು.

ಅರ್ಥಿಂಗ್ ಇರಲಿಲ್ಲ. ಮೊದಲ ಎರಡು ದಿನ ಅದೇ ಆಯ್ತು. ಕಾಯಿಲ್ಲನ್ನ ನಾನೇ ಗುಜರಿಗೆ ಹಾಕಿದೆ. ಬಚ್ಚಲಿನ ನುಣುಪು ಪರಸಿಗೆ ಕಲ್ಲು ಕೆಲಸದವರನ್ನ ಕರೆಸಿ ಉಳಿಯಿಂದ ಸಣ್ಣ ಗೀರು ಹೊಡೆಸಿದೆವು, ಕಾಲು ಈಗ ಹಿಡಿಯುತ್ತದೆ. ಹಿಡಿಕೆಯ ಎತ್ತರವನ್ನ ಅವ್ವನೇ ಸೀಮೆಸುಣ್ಣದಿಂದ ಗೋಡೆ ಮೇಲೆ ಗುರುತು ಮಾಡಿ ತೋರಿಸಿದಳು. ನಾನು ಅಂದುಕೊಂಡದ್ದಕ್ಕಿಂತ ಒಂದು ಗೇಣು ಕೆಳಗೆ.

ಸುಣ್ಣ ಮೊದಲ ದಿನ ಅರ್ಧ ಮಾಳಿಗೆಗೆ ಮಾತ್ರ ಆಯ್ತು, ಆಳು ಮರುದಿನ ಬರಲಿಲ್ಲ. ಅಪ್ಪ ಅದನ್ನೇ ಪಾಠ ಮಾಡಿಕೊಂಡರು. ರಾತ್ರಿ ಹತ್ತಕ್ಕೆ ಎರಡೂ ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು. ಸುಣ್ಣ ಆದ ಕಡೆ 34, ಆಗದ ಕಡೆ 36.5. ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಆಮೇಲೆ ಆಳನ್ನ ಹುಡುಕಿಕೊಂಡು ಹೋದದ್ದು ಅವರೇ.

ಮೂರು ಬಿಎಲ್‌ಡಿಸಿ ಫ್ಯಾನ್, ಎಲ್‌ಇಡಿ ಪಟ್ಟಿಗಳು, ಒಂದು ಕೂಲರ್ (150 ವಾಟ್). ಎ.ಸಿ. ಸದ್ಯಕ್ಕೆ ತರಲಿಲ್ಲ. ಈ ಬೇಸಿಗೆ ಕೋಣೆಯೊಳಗೆ 38 ದಾಟಲಿಲ್ಲ, ಮುಂದಿನ ವರ್ಷ ನೋಡ್ತೀವಿ. ಮೇ ತಿಂಗಳ ರೀಡಿಂಗ್ 127. ಅಪ್ಪ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ ಬರೀ ಆ ಸಂಖ್ಯೆ ಹೇಳಿದರು.

ಡಾಕ್ಟರು ಅವ್ವನ ಒಂದು ಬಿ.ಪಿ. ಮಾತ್ರೆಯನ್ನ ರಾತ್ರಿಯಿಂದ ಬೆಳಿಗ್ಗೆಗೆ ಬದಲಿಸಿದರು. ಎಡಗಣ್ಣಿಗೆ ಪೊರೆ ಇತ್ತು, ಮುಂದಿನ ತಿಂಗಳು ಆಪರೇಷನ್. ಕುರ್ಚಿ ಅಭ್ಯಾಸ ಹತ್ತರಿಂದ ಹದಿನಾಲ್ಕಕ್ಕೆ ಬಂದಿದೆ. ಪಕ್ಕದ ಮನೆ ಕಾಕೂನೂ ಸೇರಿಕೊಂಡಿದ್ದಾರೆ, ಇಬ್ಬರೂ ಎಣಿಸುತ್ತಾ ಮಾಡ್ತಾರೆ.

ರಾತ್ರಿ ದೀಪ ಮೂರೂ ಉರಿಯುತ್ತಿವೆ ಅಜ್ಜಾರೆ. ಅವ್ವ ಆರಿಸಿಲ್ಲ.

ಈಗ ಮಳೆ ಶುರುವಾಯ್ತು, ಕೂಲರ್ ಎತ್ತಿಡಬೇಕು. ಏನಾದರೂ ನೋಡಿಕೊಳ್ಳೋದಿದೆಯಾ?

ವೈರಿಂಗ್_ಕಾಕಾ · ಜೂನ್ 6

ಪ್ಲಗ್ ತಗದು ನೀರೆಲ್ಲಾ ಖಾಲಿ ಮಾಡಿ, ತಳ ತಿಕ್ಕಿ ತೊಳದು, ಬಿಸಲಿಗೆ ಒಣಗಿಸಿ ಇಡ್ರಿ. ಮೂಲ್ಯಾಗ ನಿಂತ ನೀರಿನ್ಯಾಗ ಡೆಂಗಿ ಸೊಳ್ಳಿ ವಾರದಾಗ ಹುಟ್ಟತಾವ. ಕೂಲರಿನ ಹುಲ್ಲು ಬರೋ ವರ್ಷ ಹೊಸಾದು ಹಾಕ್ರಿ. ಮತ್ತ ಆರ್‌ಸಿಸಿಬಿ ಮ್ಯಾಲ "ಟಿ" ಅಂತ ಒಂದ ಗುಂಡಿ ಇರತೈತಿ, ತಿಂಗಳಿಗೊಮ್ಮೆ ಒತ್ತಿ ನೋಡಾಕ ಮಾಸ್ತರಿಗೆ ಹೇಳ್ರಿ. ಒತ್ತಿದ ಕೂಡಲೇ ಲೈನ್ ಹೋಗಬೇಕು. ವಹಿಯಾಗ ಅದಕ್ಕೂ ಒಂದ ಕಾಲಂ ಹಾಕಲಿ.